ಮುದ್ದೆಯ ತಟ್ಟೆಗೂ ಎತ್ತಿನಹೊಳೆಗೂ ಇರುವ ನಂಟು

2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ. ಸಕಲೇಶಪುರ ತಾಲ್ಲೂಕಿನ ದೊಡ್ಡನಗರದ ಬಳಿ ಎತ್ತಿನಹೊಳೆಯ ನೀರನ್ನು ಮೇಲೆತ್ತುವ ಮೊದಲ ಹಂತದ ಯಂತ್ರಗಳಿಗೆ ಚಾಲನೆ ದೊರೆಯಿತು. ಇದೇ ಯೋಜನೆಗೆ ಅಡಿಗಲ್ಲು ಬಿದ್ದದ್ದು ಘಟ್ಟದಲ್ಲಲ್ಲ, ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ, 2014ರ ಮಾರ್ಚ್ 3ರಂದು. ಅಂದು 12,912 ಕೋಟಿ ರೂಪಾಯಿ ಇದ್ದ ಅಂದಾಜು ಇಂದು 23,251 ಕೋಟಿ ದಾಟಿದೆ. 24.01 ಟಿಎಂಸಿ ನೀರು ಸಿಗುವುದೆಂದು ಯೋಜನೆ ಹೇಳಿದರೆ, ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಲೆಕ್ಕ ಆ ಜಲಾನಯನದ ಒಟ್ಟು ಇಳುವರಿಯೇ 9.55 ಟಿಎಂಸಿ ಎಂದಿತ್ತು. ಈ ವಾದ-ವಿವಾದ ಮಲೆನಾಡಿನ ಓದುಗರಿಗೆ ಹೊಸದಲ್ಲ. ಕಡಿದ ಕಾಡು, ಅಗೆದ ಗುಡ್ಡ, ಕುಸಿದ ಮಣ್ಣು ಅವರ ಕಣ್ಣೆದುರಿಗೇ ಇವೆ.

ಆದರೆ ಕೊಳವೆಯ ಇನ್ನೊಂದು ತುದಿಯಲ್ಲಿ ಏನಿದೆ ಎಂಬುದನ್ನು ಘಟ್ಟದವರು ನೋಡಿರುವುದು ಕಡಿಮೆ. ಅಲ್ಲಿ ಬಾಯಾರಿಕೆ ಇದೆ, ಅದು ನಿಜವಾದ ಬಾಯಾರಿಕೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಅಂತರ್ಜಲ ಬಹಳ ವರ್ಷಗಳಿಂದ 'ಅತಿಬಳಕೆ'ಯ ಪಟ್ಟಿಯಲ್ಲಿದೆ. ಸಾವಿರ ಅಡಿ ಕೊರೆದರೂ ಧೂಳು ಬರುವ ಕೊಳವೆಬಾವಿಗಳು, ನೀರು ಬಂದರೂ ಅದರೊಡನೆ ಬರುವ ಫ್ಲೋರೈಡ್, ಅದರಿಂದ ಕಲೆಗಟ್ಟುವ ಮಕ್ಕಳ ಹಲ್ಲು, ಸೆಟೆಯುವ ಹಿರಿಯರ ಕೀಲು. ಇದನ್ನು ಅಲ್ಲಗಳೆದು ಹೊಳೆಯನ್ನು ಉಳಿಸುವ ಮಾತಾಡುವುದು ನ್ಯಾಯವಲ್ಲ. ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ವರ್ಷಕ್ಕೆ ಏಳುನೂರು ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ, ಕೆರೆಯನ್ನೂ ರಾಗಿಯನ್ನೂ ನಂಬಿ ಶತಮಾನಗಳನ್ನು ಕಳೆದ ಸೀಮೆ ಇದು. ಇದಕ್ಕೆ ಇದ್ದಕ್ಕಿದ್ದಂತೆ ಇಷ್ಟು ನೀರು ಸಾಲದಾದದ್ದು ಹೇಗೆ? ಉತ್ತರದ ಒಂದು ಭಾಗ ಕೆರೆಯ ಹೂಳಿನಲ್ಲಿದೆ. ಮತ್ತೊಂದು ಭಾಗ ಊಟದ ತಟ್ಟೆಯಲ್ಲಿದೆ, ಆ ತಟ್ಟೆಗೆ ಏನು ಬೀಳಬೇಕೆಂದು ನಿರ್ಧರಿಸುವ ದೆಹಲಿ-ಬೆಂಗಳೂರುಗಳ ಆಹಾರ ನೀತಿಯಲ್ಲಿದೆ.

ನಂದಿ ಬೆಟ್ಟದ ಸಾಲಿನ ಸುತ್ತ ಹಬ್ಬಿರುವ ಈ ತಾಲ್ಲೂಕುಗಳ ಊಟ ಎಂದರೆ ರಾಗಿ ಮುದ್ದೆ. ತೆಲುಗು ಮನೆಮಾತಿನವರಲ್ಲಿ ಅದೇ ಸಂಗಟಿ. ಆದರೆ ಮುದ್ದೆ ಎಂದೂ ಒಂಟಿಯಾಗಿರಲಿಲ್ಲ. ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಇರುತ್ತಿತ್ತು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಬದುವಿನ ಮೇಲೆ ಹರಳು. ಬೇಳೆ, ಎಣ್ಣೆ, ಕಾಳು, ದನದ ಮೇವು ಎಲ್ಲವೂ ಒಂದೇ ಮಳೆಯಲ್ಲಿ, ಒಂದೇ ಹೊಲದಲ್ಲಿ ಬರುತ್ತಿದ್ದವು. ಕಳೆ ಕೀಳುವ ಹೆಂಗಸರ ಮಡಿಲಲ್ಲಿ ಅಣ್ಣೆ, ಗೋಣಿ, ಕಿರಕಸಾಲೆ ಸೊಪ್ಪು ಮನೆ ಸೇರುತ್ತಿತ್ತು. ಚಳಿಗಾಲದಲ್ಲಿ ಸೊಗಡಿನ ಅವರೆ, ಹಿದುಕಿದ ಬೇಳೆಯ ಸಾರು. ಬೇಸಿಗೆಯಲ್ಲಿ ಹುರುಳಿ ಬಸ್ಸಾರು, ಅಂಬಲಿ. ಕೆರೆ ಬತ್ತುವಾಗ ಮೀನು. ಯಾವ ಆಹಾರತಜ್ಞರೂ ಬರೆದುಕೊಡದ ಈ ಪಟ್ಟಿಯಲ್ಲಿ ಧಾನ್ಯ, ಕಾಳು, ಸೊಪ್ಪು, ಎಣ್ಣೆ ಎಲ್ಲವೂ ಇದ್ದವು. ಬಡವರ ಮನೆಯಲ್ಲಿ ಸಾಲುವಷ್ಟು ಇರಲಿಲ್ಲ ಎಂಬುದೂ ಅಷ್ಟೇ ನಿಜ. ಬರಗಾಲದ ವರ್ಷಗಳನ್ನು ಕಂಡ ಹಿರಿಯರು ಹಳೆಯ ಕಾಲವನ್ನು ಚಿನ್ನದ ಕಾಲವೆನ್ನುವುದಿಲ್ಲ.

ಪೌಷ್ಟಿಕತೆಯ ಲೆಕ್ಕ ಸರಳವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನಾ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣಾಂಶವಿದೆ. ಪಾಲಿಶ್ ಮಾಡಿದ ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಕಬ್ಬಿಣ 4.6 ಮಿಲಿಗ್ರಾಂ, ಬಿಳಿ ಅಕ್ಕಿಯಲ್ಲಿ ಒಂದಕ್ಕಿಂತ ಕಡಿಮೆ. ನಾರಿನಂಶ ರಾಗಿಯಲ್ಲಿ ಅಕ್ಕಿಯ ನಾಲ್ಕು ಪಟ್ಟು. ಎರಡು ಹೊತ್ತಿನ ಮುದ್ದೆಗೆ 150 ಗ್ರಾಂ ಹಿಟ್ಟು ಹಿಡಿದರೆ, ವಯಸ್ಕರಿಗೆ ದಿನಕ್ಕೆ ಬೇಕಾದ 1,000 ಮಿಲಿಗ್ರಾಂ ಸುಣ್ಣಾಂಶದ ಅರ್ಧಕ್ಕಿಂತ ಹೆಚ್ಚು ಅಲ್ಲಿಯೇ ದೊರೆಯುತ್ತದೆ. ಫ್ಲೋರೈಡ್ ನೀರಿನ ಊರುಗಳಲ್ಲಿ ಈ ಸುಣ್ಣಾಂಶಕ್ಕೆ ಇನ್ನೊಂದು ಬೆಲೆಯಿದೆ. ಊಟದಲ್ಲಿ ಸುಣ್ಣಾಂಶ ಕಡಿಮೆಯಾದಷ್ಟೂ ಫ್ಲೋರೈಡಿನ ಹಾನಿ ಹೆಚ್ಚುತ್ತದೆ ಎಂಬುದು ವೈದ್ಯರಿಗೆ ಹಿಂದಿನಿಂದಲೂ ತಿಳಿದ ಸಂಗತಿ. ನೀರು ಕೆಟ್ಟ ಕಾಲದಲ್ಲಿಯೇ ತಟ್ಟೆಯಿಂದ ರಾಗಿ ಜಾರಿದ್ದು ಈ ಸೀಮೆಯ ದುರ್ದೈವ.

ರಾಗಿ ಜಾರಿದ್ದು ತಾನಾಗಿ ಅಲ್ಲ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಎಂಬತ್ತರ ದಶಕದ ಸಾಮಾಜಿಕ ಅರಣ್ಯ ಯೋಜನೆ ಹೊಲಗಳಿಗೆ ನೀಲಗಿರಿಯನ್ನು ತಂದಿತು. ಆ ನೀಲಗಿರಿ ರಾಗಿಯ ನೆಲವನ್ನು ನುಂಗುತ್ತಿದೆಯೆಂದು ವಂದನಾ ಶಿವ, ಎಚ್.ಸಿ. ಶರತ್ಚಂದ್ರ, ಜಯಂತ ಬಂದೋಪಾಧ್ಯಾಯ ಇವರ 1981ರ ಅಧ್ಯಯನ ಎಚ್ಚರಿಸಿತ್ತು. ಪರಿಸರ ಚಳವಳಿಯ ಹಳಬರಿಗೆ ಆ ಚರ್ಚೆಯ ನೆನಪಿದೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಮೂವತ್ತಾರು ವರ್ಷಗಳ ಅನಂತರ! ಅಷ್ಟರಲ್ಲಿ ಕೊಳವೆಬಾವಿಯ ಬೆನ್ನು ಹಿಡಿದು ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ, ಚಿಂತಾಮಣಿಯಲ್ಲಿ ಟೊಮೆಟೊ, ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಮತ್ತು ಹೂವು, ಗೌರಿಬಿದನೂರಿನಲ್ಲಿ ಮುಸುಕಿನ ಜೋಳ ಹಬ್ಬಿದ್ದವು. ಇವುಗಳಿಂದ ಮನೆಗಳು ನಿಂತಿವೆ, ಮಕ್ಕಳು ಓದಿದ್ದಾರೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನೂ ರೀಲರುಗಳ ದುಡಿಮೆಯನ್ನೂ ಹೀಗಳೆಯುವುದು ಯಾರಿಗೂ ತರವಲ್ಲ. ಆದರೆ ರೇಷ್ಮೆಯನ್ನು ಉಣ್ಣಲಾಗದು. ದರ ಕುಸಿದ ವಾರ ಟೊಮೆಟೊವನ್ನು ರಸ್ತೆಬದಿಗೆ ಸುರಿಯುವ ರೈತನ ಮನೆಗೆ ಅಕ್ಕಿ ಬರುವುದು ಪಡಿತರ ಅಂಗಡಿಯಿಂದ, ಬೇಳೆ ಬರುವುದು ಕಿರಾಣಿ ಅಂಗಡಿಯಿಂದ. ಬೇಳೆಯ ದರ ಏರಿದ ತಿಂಗಳು ಸಾರು ತೆಳುವಾಗುತ್ತದೆ.

ಪಡಿತರದ ಕಥೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

1993ರ ರಾಷ್ಟ್ರೀಯ ಪೋಷಣಾ ನೀತಿ ಒಂದು ಒಳ್ಳೆಯ ದಾಖಲೆ. ಅಪೌಷ್ಟಿಕತೆ ಎಂದರೆ ಬರಿಯ ಹಸಿವಲ್ಲ, ಅದು ಕೃಷಿ, ಕೂಲಿ, ನೀರು, ಹೆಣ್ಣುಮಕ್ಕಳ ಸ್ಥಿತಿ ಎಲ್ಲಕ್ಕೂ ಅಂಟಿಕೊಂಡ ಪ್ರಶ್ನೆ ಎಂದು ಅದು ಒಪ್ಪಿಕೊಂಡಿತು. ಪಡಿತರ ವ್ಯವಸ್ಥೆಯಲ್ಲಿ ಅಕ್ಕಿ-ಗೋಧಿಯಲ್ಲದೆ ಸಿರಿಧಾನ್ಯ, ಬೇಳೆಕಾಳು, ಬೆಲ್ಲ ಕೂಡ ಕೈಗೆಟಕುವ ಬೆಲೆಗೆ ಸಿಗಬೇಕೆಂದಿತು. ಇಪ್ಪತ್ತು ವರ್ಷಗಳ ಬಳಿಕ ಬಂದ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನರಲ್ಲಿ ಶೇ. 75ರಷ್ಟು ಮಂದಿಗೆ ತಿಂಗಳಿಗೆ ತಲಾ 5 ಕಿಲೋ ಧಾನ್ಯದ ಹಕ್ಕು ನೀಡಿತು. ಕೆ.ಜಿ.ಗೆ ಅಕ್ಕಿ 3 ರೂಪಾಯಿ, ಗೋಧಿ 2, ಸಿರಿಧಾನ್ಯ 1 ಎಂದು ಬರೆಯಿತು. 2023ರ ಜನವರಿಯಿಂದ ಎಲ್ಲವೂ ಉಚಿತ. ಹಸಿವಿನ ವಿರುದ್ಧ ಇದು ದೊಡ್ಡ ಹೆಜ್ಜೆ. ಆದರೆ ಬೇಳೆ, ಎಣ್ಣೆ, ಬೆಲ್ಲ ಕಾಯ್ದೆಯ ಹಕ್ಕಿನೊಳಗೆ ಬರಲಿಲ್ಲ. ಸಿರಿಧಾನ್ಯ ಕಾಗದದಲ್ಲಿ ಉಳಿಯಿತು, ಚೀಲದಲ್ಲಿ ಅಕ್ಕಿ ಬಂತು.

ಆ ಅಕ್ಕಿಯಾದರೂ ಎಲ್ಲಿಯದು? 2023ರ ಜೂನ್ ತಿಂಗಳಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಕೊಡಲು ರಾಜ್ಯ ಸರ್ಕಾರ ಹೊರಟಾಗ, ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಛತ್ತೀಸಗಢ, ತೆಲಂಗಾಣ, ಆಂಧ್ರಗಳ ಬಾಗಿಲು ತಟ್ಟಿದ್ದಾಯಿತು. ಕೊನೆಗೆ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕಬೇಕಾಯಿತು. ಅಕ್ಕಿಯ ರೂಪದಲ್ಲಿ ಅದು ಮತ್ತೆ ಬಂದದ್ದು 2025ರ ಫೆಬ್ರವರಿಯಲ್ಲಿ. ಆ ಜೂನ್ ತಿಂಗಳ ಪತ್ರಿಕೆಗಳ ತುಂಬ ಯಾರು ಯಾರಿಗೆ ಅನ್ಯಾಯ ಮಾಡಿದರು ಎಂಬ ಚರ್ಚೆಯಿತ್ತು. ರಾಗಿ ಬೆಳೆಯುವುದರಲ್ಲಿ ದೇಶಕ್ಕೇ ಮೊದಲನೆಯದಾದ ರಾಜ್ಯವೊಂದು ತನ್ನ ಬಡವರ ಊಟಕ್ಕಾಗಿ ಮೂರು ರಾಜ್ಯಗಳ ಗಿರಣಿಗಳತ್ತ ಕೈಚಾಚಿ ನಿಂತದ್ದು ಮಾತ್ರ ಹೆಚ್ಚು ಮಂದಿಯ ಗಮನಕ್ಕೆ ಬರಲಿಲ್ಲ. ಅದೂ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದಲ್ಲಿ!

ಕರ್ನಾಟಕ ಏನೂ ಮಾಡಿಲ್ಲವೆಂದಲ್ಲ. ಬೆಂಬಲ ಬೆಲೆಗೆ ರಾಗಿ ಕೊಂಡು ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಅಕ್ಕಿಯೊಡನೆ ಹಂಚುವ ಪದ್ಧತಿಯನ್ನು ದೇಶದಲ್ಲಿ ಗಂಭೀರವಾಗಿ ನಡೆಸಿಕೊಂಡು ಬಂದ ಕೆಲವೇ ರಾಜ್ಯಗಳಲ್ಲಿ ಇದೂ ಒಂದು. ರಾಗಿಯ ಬೆಂಬಲ ಬೆಲೆ 2021-22ರಲ್ಲಿ ಕ್ವಿಂಟಾಲಿಗೆ 3,377 ರೂಪಾಯಿ ಇದ್ದದ್ದು 2025-26ಕ್ಕೆ 4,886ಕ್ಕೆ ಏರಿದೆ. ಸಾಮಾನ್ಯ ಭತ್ತದ 2,369ರ ಎರಡು ಪಟ್ಟಿಗೂ ಹೆಚ್ಚು. ಬೆಲೆ ಇದೆ, ಕೊಳ್ಳುವ ವ್ಯವಸ್ಥೆಯಲ್ಲಿ ತೊಡಕಿದೆ. 2021-22ರಲ್ಲಿ ಸಣ್ಣ ರೈತರಿಂದ ಮಾತ್ರ, ಒಬ್ಬರಿಂದ 20 ಕ್ವಿಂಟಾಲಿಗೆ ಮೀರದಂತೆ ಕೊಳ್ಳುವುದೆಂಬ ಮಿತಿ ಬಂದಾಗ ರಾಗಿ ಸೀಮೆಯ ರೈತರು ಬೀದಿಗಿಳಿದರು. ಡಿಸೆಂಬರಿಗೆ ಕುಯಿಲು ಮುಗಿಸಿದವನಿಗೆ ಸಾಲ ತೀರಿಸುವ ಆತುರ. ನೋಂದಣಿ, ಬೆರಳಚ್ಚು, ಸರದಿ, ಚೀಲ ಎಂದು ಖರೀದಿ ಕೇಂದ್ರ ತಿಂಗಳುಗಟ್ಟಲೆ ಕಾಯಿಸಿದರೆ ಅವನ ರಾಗಿ ದಲ್ಲಾಳಿಯ ತಕ್ಕಡಿ ಸೇರುತ್ತದೆ. ಗೇಣಿಗೆ ಮಾಡುವ ಭೂಹೀನರಿಗಂತೂ ಪಹಣಿಯೇ ಅವರ ಹೆಸರಿನಲ್ಲಿಲ್ಲ, ಕೇಂದ್ರದ ಬಾಗಿಲು ದೂರವೇ ಉಳಿಯಿತು.

ಇನ್ನು ಸಾರವರ್ಧಿತ ಅಕ್ಕಿಯ ವಿಚಾರ. 2021ರ ಆಗಸ್ಟ್ 15ರಂದು ಘೋಷಣೆಯಾಗಿ, 2024ರ ಮಾರ್ಚ್ ವೇಳೆಗೆ ದೇಶದ ಎಲ್ಲ ಪಡಿತರ ಅಕ್ಕಿಗೂ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿದ ಕಾಳುಗಳನ್ನು ಸೇರಿಸುವ ಗುರಿ ಇಟ್ಟುಕೊಳ್ಳಲಾಯಿತು. ಹಳ್ಳಿಗಳಲ್ಲಿ ಅದನ್ನು 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಎಸೆದವರಿದ್ದಾರೆ; ಅದು ತಪ್ಪು ತಿಳಿವಳಿಕೆ, ಆ ಕಾಳು ಅಕ್ಕಿ ಹಿಟ್ಟಿನಿಂದಲೇ ಮಾಡಿದ್ದು. ಪ್ರಶ್ನೆ ಬೇರೆಯೇ ಇದೆ. ನಿಗದಿಪಡಿಸಿದ ಮಾನದಂಡದಂತೆ ಒಂದು ಕಿಲೋ ಸಾರವರ್ಧಿತ ಅಕ್ಕಿಯಲ್ಲಿ ಇರಬೇಕಾದ ಕಬ್ಬಿಣ 28ರಿಂದ 42.5 ಮಿಲಿಗ್ರಾಂ. ಒಂದು ಕಿಲೋ ರಾಗಿಯಲ್ಲಿ ಯಾವ ಕಾರ್ಖಾನೆಯ ನೆರವೂ ಇಲ್ಲದೆ 46 ಮಿಲಿಗ್ರಾಂ ಇದೆ. ಭತ್ತದ ತವುಡನ್ನು ಉಜ್ಜಿ ತೆಗೆದು, ಅನಂತರ ಗಿರಣಿಯಲ್ಲಿ ಕಬ್ಬಿಣ ಕೂಡಿಸಿ ಕೊಡುವ ದಾರಿಯನ್ನು ನೀತಿ ಆರಿಸಿಕೊಂಡಿತು.

ರಾಗಿಯ ಪರವಾದ ಮಾತಿನಲ್ಲೂ ಅತಿಶಯ ಬೇಡ. ರಾಗಿಯ ಸಿಪ್ಪೆಯಲ್ಲಿ ಫೈಟೇಟ್ ಎಂಬ ಅಂಶವಿದ್ದು ಅದು ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಆದ್ದರಿಂದ ಕೋಷ್ಟಕದ ಅಂಕಿ ಅಷ್ಟೂ ರಕ್ತಕ್ಕೆ ಸೇರುವುದಿಲ್ಲ. ಇದಕ್ಕೆ ಉಪಾಯವೂ ಅಡುಗೆಮನೆಯಲ್ಲಿಯೇ ಇತ್ತು. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹುರಿದು ಮಾಡುವ ಮಗುವಿನ ಸರಿ, ರಾತ್ರಿಯಿಡೀ ಹುಳಿ ಬರಿಸಿದ ಅಂಬಲಿ, ಮುದ್ದೆಯ ಸಾರಿಗೆ ಹಿಂಡುವ ನಿಂಬೆ — ಮೊಳಕೆ ಮತ್ತು ಹುಳಿ ಆ ತಡೆಯನ್ನು ಕಡಿಮೆ ಮಾಡುತ್ತವೆ, ನಿಂಬೆ ಕಬ್ಬಿಣ ಒಳಸೇರಲು ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಮನೆಯಲ್ಲಿ ತಿಳಿಸಿದರೆ ಒಳ್ಳೆಯದು. ಅಂಗಡಿಯ ಡಬ್ಬಿಯ ಪುಡಿ ಮನೆಯ ಸರಿಯ ಜಾಗಕ್ಕೆ ಬಂದಾಗ ಹೋದದ್ದು ರುಚಿಯಷ್ಟೇ ಅಲ್ಲ.

ಆರೋಗ್ಯದ ಅಂಕಿ-ಅಂಶಗಳು ಸಮಾಧಾನ ತರುವಂಥವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 32.9 ಮಂದಿ ತೂಕ ಸಾಲದವರು. ಮಕ್ಕಳಲ್ಲಿ ರಕ್ತಹೀನತೆ ಅದಕ್ಕೆ ಹಿಂದಿನ ಸಮೀಕ್ಷೆಯ ಶೇ. 60.9ರಿಂದ 65.5ಕ್ಕೆ, ಹೆಂಗಸರಲ್ಲಿ 44.8ರಿಂದ 47.8ಕ್ಕೆ ಏರಿತ್ತು. ಅನ್ನಭಾಗ್ಯ ಬಂದು ಆರೇಳು ವರ್ಷಗಳಾದ ಮೇಲಿನ ಚಿತ್ರ ಇದು. ಹೊಟ್ಟೆ ತುಂಬಿದೆ, ರಕ್ತ ತುಂಬಿಲ್ಲ. ದೋಷವೆಲ್ಲ ಅಕ್ಕಿಯದೆಂದು ಹೇಳಲಾಗದು. ಕೊಕ್ಕೆಹುಳು, ಬಯಲು ಶೌಚ, ಚಿಕ್ಕ ವಯಸ್ಸಿನ ಮದುವೆ, ಎಲ್ಲರೂ ಉಂಡ ಬಳಿಕ ಉಣ್ಣುವ ಹೆಣ್ಣಿನ ಪದ್ಧತಿ ಇವೆಲ್ಲಕ್ಕೂ ಪಾಲಿದೆ. ಆದರೆ ಬರಿಯ ಧಾನ್ಯವನ್ನು ಹೆಚ್ಚಿಸುತ್ತ ಹೋದರೆ ಪೌಷ್ಟಿಕತೆ ಹೆಚ್ಚುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 2025ರ ಅಕ್ಟೋಬರ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ತೀರ್ಮಾನಿಸಿದಾಗ ಸರ್ಕಾರವೂ ಇದನ್ನು ಒಪ್ಪಿಕೊಂಡಂತಾಯಿತು. ಬೇಳೆ ಬಂದದ್ದು ಸ್ವಾಗತಾರ್ಹ. ಬೆಲ್ಲದ ಜಾಗದಲ್ಲಿ ಸಕ್ಕರೆ ಕುಳಿತದ್ದು ಏಕೋ ತಿಳಿಯದು.

ಶಾಲೆಯ ತಟ್ಟೆಯಲ್ಲಿ ಬದಲಾವಣೆ ಇನ್ನಷ್ಟು ಸ್ಪಷ್ಟವಾಗಿದೆ. 2001ರ ನವೆಂಬರ್ 28ರ ಸುಪ್ರೀಂ ಕೋರ್ಟ್ ಆದೇಶದ ಬೆನ್ನಿಗೆ ರಾಜ್ಯದಲ್ಲಿ 2002ರಿಂದ ಅಕ್ಷರ ದಾಸೋಹ ಆರಂಭವಾದಾಗ ರಾಗಿ ಸೀಮೆಯ ಮಕ್ಕಳಿಗೂ ಸಿಕ್ಕಿದ್ದು ಅನ್ನ-ಸಾಂಬಾರು. 2013ರಲ್ಲಿ ಹಾಲು ಸೇರಿತು. 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುವ ಕಾರ್ಯಕ್ರಮ ಶುರುವಾಯಿತು. ಅದರ ಸಹಭಾಗಿ ಟ್ರಸ್ಟ್ ಇರುವುದು ಇದೇ ಮುದ್ದೇನಹಳ್ಳಿಯಲ್ಲಿ. ಮೊಟ್ಟೆಯ ವಿಷಯದಲ್ಲಿ ವರ್ಷಗಟ್ಟಲೆ ನಡೆದ ಗದ್ದಲದ ಅನಂತರ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದಲ್ಲಿ ಕೊಡಲಾರಂಭಿಸಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರೂ ದಿನ ಕೊಡುವ ಒಪ್ಪಂದವಾಯಿತು. ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಮಕ್ಕಳು ಗದ್ದಲ ಮಾಡಿರಲಿಲ್ಲ, ಮೊಟ್ಟೆ ಬಂದ ದಿನ ಶಾಲೆ ತುಂಬಿತು ಎಂದು ಅಡುಗೆಯವರು ಹೇಳುತ್ತಾರೆ. ಆದರೆ ಮೂಲ ಊಟ ಮಾತ್ರ ಇಂದಿಗೂ ಅಕ್ಕಿಯೇ. ಮಾಲ್ಟಿನ ಪುಡಿಯಾಗಿ ಬಂದ ರಾಗಿ ಮುದ್ದೆಯಾಗಿ, ರೊಟ್ಟಿಯಾಗಿ ಬರಲಾಗದೇ? ಮುದ್ದೆ ಕಟ್ಟುವ ದುಡಿಮೆ ದೊಡ್ಡದು. ಅಡುಗೆಯವರಿಗೆ ಸಿಗುವ ಅಲ್ಪ ಗೌರವಧನದಲ್ಲಿ ಇನ್ನೂರು ಮಕ್ಕಳಿಗೆ ಕೋಲಾಡಿಸಿ ತೊಳಸಿ ಎಂದು ಕೇಳುವುದು ಅನ್ಯಾಯ. ಹಾಗಾಗಿ ರಾಗಿಯನ್ನು ತರುವ ಮಾತಾಡುವವರು ಮೊದಲು ಅಡುಗೆಯವರ ವೇತನದ ಮಾತಾಡಬೇಕು.

ಹೊಲದಲ್ಲೂ ಇದೇ ಪ್ರಶ್ನೆ. ಕಳೆ ಕೀಳುವುದು, ಕುಯ್ಯುವುದು, ಕಣ ಇಲ್ಲದೆ ಡಾಂಬರು ರಸ್ತೆಯ ಮೇಲೆ ಒಕ್ಕುವುದು — ರಾಗಿ ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ಈ ಬೆವರಿಗೆ ಅಂಜಿ. ಅದರ ಮೇಲೆ ಸಣ್ಣದೊಂದು ನಾಚಿಕೆಯೂ ಸೇರಿತ್ತು: ನೆಂಟರು ಬಂದರೆ ಅನ್ನ, ಕೂಲಿಯವರಿಗೆ ಮುದ್ದೆ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿ-ರಾಗಿಗಳ ಜಗಳಕ್ಕೆ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ ತೀರ್ಪು ಕೊಟ್ಟ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಧಾನ್ಯದ ಗುಣವನ್ನು ಬಲ್ಲ ರೈತಾಪಿ ತಿಳಿವು ಅದು. ಈಗ ಬೆಂಗಳೂರಿನ ಮಾಲುಗಳಲ್ಲಿ ಸಕ್ಕರೆ ಕಾಯಿಲೆಯವರಿಗೆಂದು ರಾಗಿ ಬಿಸ್ಕತ್ತು ದುಬಾರಿ ಬೆಲೆಗೆ ಮಾರಾಟವಾಗುತ್ತಿದ್ದು, ಗೌರವ ಮರಳಿದೆ. ಆದರೆ ಅದನ್ನು ಬೆಳೆದ ಊರಿನ ಕೂಲಿಕಾರನಿಗೆ ಅದೇ ಧಾನ್ಯ ತುಟ್ಟಿಯಾಗಿದೆ.

ಇಲ್ಲಿಂದ ಮತ್ತೆ ಹೊಳೆಗೆ ಬರಬಹುದು. ಎಚ್.ಎನ್. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರು ಎರಡನೇ ಹಂತದವರೆಗೆ ಮಾತ್ರ ಶುದ್ಧಗೊಂಡು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೂ ಇತರ ಕೆರೆಗಳಿಗೂ ಬರುತ್ತಿದೆ. ಮೂರನೇ ಹಂತದ ಶುದ್ಧೀಕರಣಕ್ಕಾಗಿ ಶಾಶ್ವತ ನೀರಾವರಿ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಇತ್ತ ಘಟ್ಟದ ನೀರಿಗಾಗಿ ಕಾಲುವೆ ತೋಡುತ್ತಿದೆ. ಈ ಎರಡೂ ನೀರು ಬಂದ ಮೇಲೆ ಅದರಿಂದ ಏನನ್ನು ಬೆಳೆಯಬೇಕು, ಯಾರ ತಟ್ಟೆಗೆ ಎಂಬುದರ ಬಗ್ಗೆ ಯಾವ ಯೋಜನಾ ವರದಿಯಲ್ಲೂ ಅಧ್ಯಾಯವಿಲ್ಲ. ಒಂದು ಕಿಲೋ ಅಕ್ಕಿಗೆ ಸಾವಿರಾರು ಲೀಟರ್ ನೀರು ಬೇಕು. ಮುಂಗಾರಿನ ರಾಗಿಗೆ ಕೊಳವೆಬಾವಿಯ ಒಂದು ಹನಿಯೂ ಬೇಡ. ಐದು ಮಂದಿಯ ಮನೆಗೆ ತಿಂಗಳಿಗೆ ತಲಾ 2 ಕಿಲೋ ರಾಗಿ ಎಂದರೆ ವರ್ಷಕ್ಕೆ 120 ಕಿಲೋ. ಮಳೆಯಾಶ್ರಯದ ಒಂದು ಎಕರೆಯಲ್ಲಿ 8 ಕ್ವಿಂಟಾಲ್ ಬಂದರೂ ಆರು ಮನೆಗಳ ವರ್ಷದ ಪಾಲು ಅಲ್ಲಿಂದ ಹೊರಡುತ್ತದೆ. ಅಕ್ಕಡಿಯ ಅವರೆ-ತೊಗರಿ ಇದರ ಮೇಲೆ. ಆ ರಾಗಿಯನ್ನು ಅದೇ ತಾಲ್ಲೂಕಿನಲ್ಲಿ ಕೊಂಡು, ಅದೇ ತಾಲ್ಲೂಕಿನ ಪಡಿತರ ಅಂಗಡಿ, ಅಂಗನವಾಡಿ, ಶಾಲೆ, ಹಾಸ್ಟೆಲುಗಳಿಗೆ ಕೊಡಲು ಹೊಸ ಕಾಯ್ದೆ ಬೇಕಿಲ್ಲ. 2013ರ ಕಾಯ್ದೆಯಲ್ಲಿ ಸಿರಿಧಾನ್ಯದ ಹೆಸರು ಈಗಾಗಲೇ ಇದೆ.

ಮಲೆನಾಡಿನವರು ಇದನ್ನು ಬಯಲುಸೀಮೆಗೆ ಹೇಳುವ ಬುದ್ಧಿವಾದವಾಗಿ ಎತ್ತಿಕೊಳ್ಳಬಾರದು. ಕಳಲೆ, ಕೆಸು, ಗುಡ್ಡದ ಭತ್ತದ ತಳಿಗಳು ಘಟ್ಟದ ತಟ್ಟೆಯಿಂದಲೂ ಹೀಗೆಯೇ ಜಾರಿವೆ. ಗದ್ದೆಗಳು ಅಡಿಕೆ ತೋಟಗಳಾಗಿವೆ. ಮುಂದಿನ ಗ್ರಾಮಸಭೆಗಳಲ್ಲಿ ಘಟ್ಟದ ಪಂಚಾಯಿತಿಗಳೂ ನಂದಿ ಸಾಲಿನ ಪಂಚಾಯಿತಿಗಳೂ ಕೇಳಬಹುದಾದ ಪ್ರಶ್ನೆಗಳು ಒಂದೇ: ಕಳೆದ ವರ್ಷ ಈ ಪಂಚಾಯಿತಿಯ ಪಡಿತರಕ್ಕೆ ಬಂದ ಧಾನ್ಯ ಎಷ್ಟು, ಎಲ್ಲಿಯದು? ಇಲ್ಲಿ ಬೆಳೆದದ್ದರಲ್ಲಿ ಖರೀದಿ ಕೇಂದ್ರ ಕೊಂಡದ್ದೆಷ್ಟು? ಅಂಗನವಾಡಿಯ ತೂಕದ ಪುಸ್ತಕದಲ್ಲಿ ಕೆಂಪು ಗೆರೆಯ ಕೆಳಗಿರುವ ಮಕ್ಕಳು ಎಷ್ಟು ಮಂದಿ? ಮೂರು ಲೆಕ್ಕಗಳೂ ಮೂರು ಇಲಾಖೆಗಳ ಕಡತದಲ್ಲಿವೆ. ಒಂದೇ ಮೇಜಿನ ಮೇಲೆ ಅವನ್ನು ಇಡಿಸುವಂತೆ ಅರ್ಜಿ ಕೊಡಲು ಮಾಹಿತಿ ಹಕ್ಕಿನ ಹತ್ತು ರೂಪಾಯಿ ಸಾಕು. ರಾಗಿಯ ಬಿತ್ತನೆಗೆ ಮುನ್ನವೇ ಆ ಅರ್ಜಿ ಹೋದರೆ, ಕುಯಿಲಿನ ಹೊತ್ತಿಗೆ ಖರೀದಿ ಕೇಂದ್ರದ ಬಾಗಿಲಲ್ಲಿ ಕೇಳಲು ಕೈಯಲ್ಲೊಂದು ಕಾಗದವಿರುತ್ತದೆ.